ಅಂಗಿ ತೊಡುವುದಕ್ಕೂ ಒಂದು ಸಂಶೋಧನೆ!

ಈ ಬ್ಲಾಗಿಗೆ ಧೂಳು ಹಿಡಿದು ತಿಂಗಳುಗಳೇ ಆಗಿದ್ದವು. ಒಂದು ರಿಲೀಸು, ಅದರ ಬೆನ್ನಿಗೇ ಇನ್ನೊಂದು ರಿಲೀಸು... ನೆಪಗಳಿಗೇನು ಬರ ಬಿಡಿ. ಇವತ್ತು ಮಾತ್ರ ಬರೆದೇ ಮಲಗಬೇಕು ಅಂತ ಕೂತಿದ್ದೇನೆ. ಕಾರಣ, ಕಳೆದ ವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ನಡೆದ ಒಂದು ಮಾತು.

ಮಾತು ಎಲ್ಲಿಂದಲೋ ಶುರುವಾಗಿ ಯಾರು ಯಾವುದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾರೆ ಅನ್ನೋದಕ್ಕೆ ಬಂದು ನಿಂತಿತ್ತು. ನಾನು, "ಇಂಗ್ಲೆಂಡಿನಲ್ಲಿ ಒಬ್ಬರು ಪ್ರೊಫೆಸರ್ ಇದ್ದರು, ಲಕ್ವ ಹೊಡೆದವರು ಅಂಗಿ ಹಾಕಿಕೊಳ್ಳೋದು ಹೇಗೆ ಅನ್ನೋದನ್ನೇ ವರ್ಷಗಟ್ಟಲೆ ಸಂಶೋಧನೆ ಮಾಡಿದವರು" ಅಂದೆ. ಟೇಬಲ್ಲಿನಲ್ಲಿ ನಗು. "ಅಂಗಿ ಹಾಕ್ಕೊಳ್ಳೋದಕ್ಕೂ ರಿಸರ್ಚಾ? ನಮ್ಮ ಮಗನಿಗೆ ಮೂರು ವರ್ಷ, ಅವನೇ ಹಾಕ್ಕೋತಾನೆ ಗುರೂ" ಅಂದ ಒಬ್ಬ. ಒಳ್ಳೆಯ ಹುಡುಗ, ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಮೂರು ವರ್ಷದ ಹಿಂದೆ ಆಗಿದ್ದರೆ ನಾನೂ ಅವನ ಜೊತೆ ನಗುತ್ತಿದ್ದೆ. ಈಗ ನಗು ಬರಲಿಲ್ಲ. ಯಾಕೆ ಅನ್ನೋದೇ ಈ ಬರಹ. ಸ್ವಲ್ಪ ಉದ್ದವಾಗಬಹುದು, ಕಾಫಿ ಮಾಡ್ಕೊಂಡು ಬನ್ನಿ :-)

ನಮ್ಮ ತಾತನಿಗೆ ಮೂರು ವರ್ಷದ ಹಿಂದೆ ಪಾರ್ಶ್ವವಾಯು ಆಯಿತು. ಎಡಗೈ, ಎಡಗಾಲು ಬಿದ್ದುಹೋಯಿತು. ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು. ತೆಂಗಿನ ತೋಟ, ಎರಡು ಹಸು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಿಗ್ಗೆ ಒಂದು ಟೀ, ಅಲ್ಲೇ ಪೇಪರ್ ಓದು - ಇಷ್ಟೇ ತಾತನ ಲೋಕ. ದೊಡ್ಡ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದರು. ಜೀವ ಉಳಿಸಿದರು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಡಿಸ್ಚಾರ್ಜ್ ಮಾಡುವಾಗ ಮಾತ್ರೆಗಳ ಒಂದು ಪಟ್ಟಿ ಕೊಟ್ಟರು, ಉಪ್ಪು ಕಮ್ಮಿ ಮಾಡಿ ಅಂದರು, ಕೈಕಾಲಿಗೆ ವ್ಯಾಯಾಮ ಮಾಡಿಸಿ ಅಂದರು. ಅಷ್ಟೇ.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ತಾತನ ಬಲಗೈ ಗಟ್ಟಿಯಾಗಿಯೇ ಇತ್ತು. ಮಾತೂ ಸ್ಪಷ್ಟ. ಆದರೂ ಅಂಗಿ ಹಾಕಿಕೊಳ್ಳೋಕೆ ಆಗುತ್ತಿರಲಿಲ್ಲ. ಬಲಗೈಯನ್ನು ತೋಳಿಗೆ ತೂರಿಸಿ, ಅಂಗಿಯ ಉಳಿದರ್ಧ ಎಡಗಡೆ ನೇತಾಡುತ್ತಿದ್ದರೂ "ಆಯ್ತು" ಅಂತ ಕೂತುಬಿಡುತ್ತಿದ್ದರು. ತಟ್ಟೆಯಲ್ಲಿ ಬಲಗಡೆಯ ಅನ್ನ ಖಾಲಿ, ಎಡಗಡೆಯದು ಹಾಗೇ. ಊರಿನವರು "ಯಜಮಾನ್ರಿಗೆ ಬುದ್ಧಿ ಸ್ವಲ್ಪ ಮಂಕಾಗಿದೆ" ಅಂದರು. ನಾವೂ ನಂಬಿದೆವು. ಅಜ್ಜಿ, "ರೀ ಸುಮ್ನಿರಿ, ನಾನು ಹಾಕ್ತೀನಿ" ಅಂತ ದಿನಾ ಅಂಗಿ ತೊಡಿಸಿದರು, ಪಂಚೆ ಉಡಿಸಿದರು, ತಲೆ ಬಾಚಿದರು, ಊಟವನ್ನೂ ಕಲಸಿ ಕೊಟ್ಟರು. ಎಲ್ಲವೂ ಪ್ರೀತಿಯಿಂದಲೇ. ಆರು ತಿಂಗಳಲ್ಲಿ ತಾತ ಕೇಳುವುದನ್ನೇ ಬಿಟ್ಟರು. ಯಾರಾದರೂ ಎಬ್ಬಿಸಿದರೆ ಎದ್ದರು, ಕೂರಿಸಿದರೆ ಕೂತರು. ಅಜ್ಜಿಗೆ ಸೊಂಟನೋವು ಶುರುವಾಯಿತು. ಒಂದು ದಿನ ಅಜ್ಜಿ ನನಗೆ ಫೋನಿನಲ್ಲಿ, "ಮಗಾ, ಇವರಿಗೆ ಆಗಿದ್ದು ಒಂದು ಲಕ್ವ, ನಂಗೆ ಇನ್ನೊಂದು" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಸಾಫ್ಟ್‌ವೇರಿನವನ ಚಟ ಗೊತ್ತಲ್ಲ, ಏನಾದರೂ ಕೆಟ್ಟರೆ ಮೊದಲು ಹುಡುಕುವುದು. ಹಾಗೆ ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಹೆಸರು ಮೇರಿಯನ್ ವಾಕರ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವರು. ವೃತ್ತಿಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್. ಮುಂದೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಾರ್ಶ್ವವಾಯು ಪುನಶ್ಚೇತನದ ಪ್ರೊಫೆಸರ್ ಆದವರು.

ಆಕ್ಯುಪೇಷನಲ್ ಥೆರಪಿ ಅಂದಾಗ "ಕೆಲಸ ಕೊಡಿಸ್ತಾರಾ?" ಅಂತ ಕೇಳಿದವರಲ್ಲಿ ನಾನೂ ಒಬ್ಬ. ಆಕ್ಯುಪೇಷನ್ ಅಂದರೆ ಇಲ್ಲಿ ನೌಕರಿ ಅಲ್ಲ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗೋವರೆಗೆ ಮನುಷ್ಯ ತನ್ನದು ಅಂತ ಮಾಡಿಕೊಳ್ಳುವ ಎಲ್ಲವೂ. ಮುಖ ತೊಳೆಯೋದು, ಬಟ್ಟೆ ಹಾಕೋದು, ಟೀ ಕಾಸೋದು, ಸಂತೆಗೆ ಹೋಗೋದು, ಹಾರ್ಮೋನಿಯಂ ನುಡಿಸೋದು. ಫಿಸಿಯೋಥೆರಪಿಯವರು ಕೈ ಎಷ್ಟು ಮೇಲೇಳುತ್ತದೆ, ಕಾಲಿಗೆ ಎಷ್ಟು ಬಲ ಬಂದಿದೆ ಅಂತ ನೋಡಿದರೆ, ಇವರು ಆ ಕೈಯಿಂದ ನೀವು ಏನು ಮಾಡಬೇಕು ಅಂತ ಕೇಳುತ್ತಾರೆ. ನನ್ನ ಮಟ್ಟಿಗೆ ವ್ಯತ್ಯಾಸ ಇಷ್ಟು. ನಮ್ಮ ದೇಶಕ್ಕೆ ಇದು ಹೊಸದೇನೂ ಅಲ್ಲ. ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದ ಕಮಲಾ ನಿಂಬ್‌ಕರ್ ಅನ್ನುವವರು 1950ರಲ್ಲೇ ಮುಂಬೈಯಲ್ಲಿ ಇದನ್ನು ಕಲಿಸುವ ಶಾಲೆ ಶುರು ಮಾಡಿದ್ದರು. 1952ರಲ್ಲಿ ಅಖಿಲ ಭಾರತ ಸಂಘವೂ ಆಯಿತು. ನಮ್ಮ ಮಣಿಪಾಲದಲ್ಲಿ ಇದರದೇ ಪದವಿ ಇದೆ. ಆದರೂ ತಾತನ ಡಿಸ್ಚಾರ್ಜ್ ಹಾಳೆಯಲ್ಲಿ ಆ ಎರಡು ಪದ ಇರಲಿಲ್ಲ.

ವಾಕರ್ ಅವರ ಮೊದಮೊದಲ ಸಂಶೋಧನೆಯೇ ಬಟ್ಟೆ ಹಾಕಿಕೊಳ್ಳುವುದರ ಮೇಲೆ. ನಾಡೀನಾ ಲಿಂಕನ್ ಅನ್ನುವ ಮನಶ್ಶಾಸ್ತ್ರಜ್ಞೆಯ ಜೊತೆ 1991ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪಾರ್ಶ್ವವಾಯು ಆದವರು ಯಾಕೆ ಬಟ್ಟೆ ಹಾಕಿಕೊಳ್ಳಲಾರರು ಅನ್ನೋದು ಪ್ರಶ್ನೆ. ಕೈಯಲ್ಲಿ ಬಲವಿಲ್ಲ, ಅದಕ್ಕೆ - ಅಂತ ನಾವು ಉತ್ತರ ಕೊಟ್ಟು ಮುಗಿಸುತ್ತೇವೆ. ಅವರು ಅಳೆದು ನೋಡಿದಾಗ ಕಂಡಿದ್ದು ಬಲದ ಜೊತೆ ಗ್ರಹಿಕೆಯ ಪಾತ್ರವೂ ಇದೆ ಅಂತ. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಎಡಗಡೆಯ ಜಗತ್ತೇ ಗಮನಕ್ಕೆ ಬರುವುದಿಲ್ಲ. ಕಣ್ಣು ಸರಿಯಾಗಿದೆ, ಆದರೆ ಎಡಗಡೆ ಏನೂ ಇಲ್ಲ ಅನ್ನುವ ಹಾಗೆ ಬದುಕುತ್ತಾರೆ. ಇದನ್ನು ಓದುವಾಗ ನನಗೆ ಕಂಡಿದ್ದು ತಾತನ ತಟ್ಟೆ. ಎಡಗಡೆ ಉಳಿದ ಅನ್ನ. ಎಡಗಡೆ ನೇತಾಡುವ ಅಂಗಿ. ತಾತನಿಗೆ ಬುದ್ಧಿ ಮಂಕಾಗಿರಲಿಲ್ಲ. ಮಂಕಾಗಿದ್ದು ನಾವು.

ಇನ್ನು, ಇದನ್ನು ಕಲಿಸಬಹುದಾ? ಕಲಿಸುವ ವಿಧಾನಗಳೇನೋ ಥೆರಪಿಸ್ಟ್‌ಗಳಿಗೆ ಗೊತ್ತಿದ್ದವು. ಮುಖ್ಯವಾದ ಸೂತ್ರ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ: ಹಾಕುವಾಗ ಬಿದ್ದ ಕೈಯನ್ನು ಮೊದಲು ತೋಳಿಗೆ ತೂರಿಸು, ತೆಗೆಯುವಾಗ ಅದನ್ನು ಕಡೆಗೆ ತೆಗೆ. ಅಂಗಿಯನ್ನು ತೊಡೆಯ ಮೇಲೆ ಹರಡಿಕೊ, ಕಾಲರ್ ಯಾವ ಕಡೆ ಅಂತ ನೋಡಿಕೊ, ಗಟ್ಟಿಯಾದ ಕುರ್ಚಿಯ ಮೇಲೆ ಕೂತೇ ಮಾಡು. ಪ್ರಶ್ನೆ ಇರುವುದು, ಹೀಗೆ ಕಲಿಸಿದ್ದರಿಂದಲೇ ರೋಗಿ ಸುಧಾರಿಸಿದನೋ, ಅಥವಾ ಕಾಲಕ್ರಮೇಣ ತಾನಾಗಿಯೇ ಸುಧಾರಿಸಿದನೋ ಅನ್ನುವುದು. ಪಾರ್ಶ್ವವಾಯುವಿನಲ್ಲಿ ಇದು ದೊಡ್ಡ ತಲೆನೋವು, ಯಾಕೆಂದರೆ ಮೊದಲ ಕೆಲವು ತಿಂಗಳು ಬಹಳಷ್ಟು ಜನ ಸ್ವಲ್ಪ ಸ್ವಲ್ಪ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಎಣ್ಣೆ ಹಚ್ಚಿದವನೂ ನನ್ನಿಂದ ಅನ್ನುತ್ತಾನೆ, ತಾಯಿತ ಕಟ್ಟಿದವನೂ ನನ್ನಿಂದ ಅನ್ನುತ್ತಾನೆ. ಥೆರಪಿಸ್ಟ್ ಮಾತ್ರ ಯಾಕೆ ಬೇರೆ?

ವಾಕರ್ ಮಾಡಿದ್ದು ನೋಡಿ. ಏವ್ರಿಲ್ ಡ್ರಮಂಡ್ ಮತ್ತು ಲಿಂಕನ್ ಜೊತೆ 1996ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಅವರು ತೆಗೆದುಕೊಂಡಿದ್ದು 30 ಜನರನ್ನು. ಆಸ್ಪತ್ರೆಯಿಂದ ಮನೆಗೆ ಹೋಗಿ ಆರು ತಿಂಗಳಾದ ಮೇಲೂ ಬಟ್ಟೆ ಹಾಕಿಕೊಳ್ಳಲಾಗದೆ ಉಳಿದವರು. ಅಂದರೆ ತಾನಾಗಿಯೇ ಆಗುವ ಚೇತರಿಕೆಯ ಕಾಲ ಹೆಚ್ಚುಕಮ್ಮಿ ಮುಗಿದವರು. ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲ ಮೂರು ತಿಂಗಳು ಮನೆಯಲ್ಲೇ ಅಭ್ಯಾಸ ಮಾಡಿಸಿದರು, ಇನ್ನೊಂದು ಗುಂಪಿಗೆ ಏನೂ ಇಲ್ಲ. ಆಮೇಲೆ ಅದಲುಬದಲು. ಫಲಿತಾಂಶ? ಅಭ್ಯಾಸ ಮಾಡಿಸಿದ ಅವಧಿಯಲ್ಲಿ ಎರಡೂ ಗುಂಪು ಸುಧಾರಿಸಿತು, ಮಾಡಿಸದ ಅವಧಿಯಲ್ಲಿ ಹಾಗಾಗಲಿಲ್ಲ. ಮೊದಲು ಕಲಿತ ಗುಂಪು ಥೆರಪಿಸ್ಟ್ ಹೋದ ಮೇಲೂ ಕಲಿತದ್ದನ್ನು ಉಳಿಸಿಕೊಂಡಿತು. ಮೂವತ್ತೇ ಜನ, ಒಪ್ಪಿದೆ. ಆದರೆ ಕೋಡ್ ಬರೆಯುವ ನನಗೆ ಈ ಪ್ರಯೋಗದ ಚೊಕ್ಕತನ ನೋಡಿ ಹೊಟ್ಟೆಕಿಚ್ಚಾಯಿತು. ನಮ್ಮ ಎಷ್ಟು ಫೀಚರ್‌ಗಳನ್ನು ಹೀಗೆ ತೆಗೆದು ಹಾಕಿ ನೋಡಿದ್ದೇವೆ ಹೇಳಿ!

ಇದಾದ ಮೂರು ವರ್ಷಕ್ಕೆ, 1999ರಲ್ಲಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು ಅವರ ಹೆಸರು ನಿಲ್ಲಿಸಿದ ಕೆಲಸ. ಪಾರ್ಶ್ವವಾಯು ಆದರೂ ಆಸ್ಪತ್ರೆಗೆ ಸೇರದೆ ಮನೆಯಲ್ಲೇ ಉಳಿದವರ ಬಗ್ಗೆ. ಆಸ್ಪತ್ರೆಯ ಲೆಕ್ಕಕ್ಕೇ ಸಿಗದ ಜನ ಇವರು. ಒಟ್ಟು 185 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. 94 ಜನರ ಮನೆಗೆ ಐದು ತಿಂಗಳವರೆಗೆ ಥೆರಪಿಸ್ಟ್ ಹೋಗಿಬರುತ್ತಿದ್ದರು, 91 ಜನರಿಗೆ ಇಲ್ಲ. ಆರು ತಿಂಗಳಿಗೆ ಬಂದು ಅಳತೆ ಮಾಡಿದವರಿಗೆ ಯಾರು ಯಾವ ಗುಂಪು ಅಂತ ಹೇಳಿರಲಿಲ್ಲ.

ಅಳತೆ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಟಿಂಗ್‌ಹ್ಯಾಮ್‌ನಲ್ಲೇ 1987ರಲ್ಲಿ ಸಿದ್ಧವಾದ ಒಂದು ಪ್ರಶ್ನಾವಳಿ ಅದು, ಒಟ್ಟು 22 ಪ್ರಶ್ನೆ. ಮನೆಯ ಹೊರಗೆ ನಡೀತೀರಾ? ರಸ್ತೆ ದಾಟ್ತೀರಾ? ಬಿಸಿ ಪಾನೀಯ ಮಾಡ್ಕೋತೀರಾ? ಅದನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ತಗೊಂಡು ಹೋಗ್ತೀರಾ? ನಿಮ್ಮ ದುಡ್ಡು ನೀವೇ ನೋಡ್ಕೋತೀರಾ? ಪೇಪರ್ ಓದ್ತೀರಾ? ಗಮನಿಸಿ, 'ಮಾಡಬಲ್ಲಿರಾ' ಅಂತ ಕೇಳುವುದಿಲ್ಲ, 'ಮಾಡ್ತೀರಾ' ಅಂತ ಕೇಳುತ್ತಾರೆ. ನಮ್ಮ ತಾತ ಎಷ್ಟೋ ಕೆಲಸ ಮಾಡಬಲ್ಲವರಾಗಿದ್ದರು. ಮಾಡುತ್ತಿರಲಿಲ್ಲ, ಯಾಕೆಂದರೆ ನಾವು ಬಿಡುತ್ತಿರಲಿಲ್ಲ. ಇಡೀ ವಿಷಯದ ತಿರುಳು ಆ ಒಂದು ಕ್ರಿಯಾಪದದಲ್ಲಿದೆ.

22ಕ್ಕೆ ಎಷ್ಟು ಬಂತು? ಥೆರಪಿಸ್ಟ್ ಹೋದ ಗುಂಪಿನ ಮಧ್ಯಾಂಕ 16, ಹೋಗದ ಗುಂಪಿನದು 12. ಇನ್ನೂ ಒಂದು ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. ರೋಗಿಯನ್ನು ನೋಡಿಕೊಳ್ಳುವವರ ಮೇಲೆ ಬೀಳುವ ಹೊರೆಯನ್ನು ಅಳೆಯುವ ಇನ್ನೊಂದು ಮಾಪನ ಇದೆ. ಅದರಲ್ಲಿ ಒಂದು ಗುಂಪಿನ ಮನೆಯವರದು 1, ಇನ್ನೊಂದರದು 3. ಅಂದರೆ ಥೆರಪಿಸ್ಟ್ ಕಲಿಸಿದ್ದು ತಾತನಿಗೆ, ಹಗುರಾಗಿದ್ದು ಅಜ್ಜಿಗೂ. "ನಂಗೆ ಇನ್ನೊಂದು ಲಕ್ವ" ಅಂದ ನಮ್ಮಜ್ಜಿಯ ಮಾತಿಗೆ 1999ರಲ್ಲೇ ಯಾರೋ ಅಂಕಿ ಹಾಕಿಟ್ಟಿದ್ದರು. ನಮಗೆ ತಲುಪಿರಲಿಲ್ಲ, ಅಷ್ಟೇ.

2004ರಲ್ಲಿ ವಾಕರ್ ಮತ್ತು ಸಂಗಡಿಗರು ಇಂಥದೇ 8 ಪ್ರಯೋಗಗಳ 1143 ರೋಗಿಗಳ ಮಾಹಿತಿಯನ್ನು ಒಂದೇ ಕಡೆ ಸೇರಿಸಿ ಲೆಕ್ಕ ಹಾಕಿದರು. ಒಟ್ಟಾರೆ ಮನೆಗೆ ಬಂದು ಮಾಡುವ ಈ ಚಿಕಿತ್ಸೆಯಿಂದ ಲಾಭ ಇದೆ ಅಂತ ಬಂತು. ಜೊತೆಗೆ ಇನ್ನೊಂದು ಸ್ವಾರಸ್ಯ: ದಿನನಿತ್ಯದ ಕೆಲಸ ಅಭ್ಯಾಸ ಮಾಡಿಸಿದರೆ ಆ ಕೆಲಸಗಳು ಸುಧಾರಿಸುತ್ತವೆ, ಹವ್ಯಾಸಗಳನ್ನು ಅಭ್ಯಾಸ ಮಾಡಿಸಿದರೆ ಹವ್ಯಾಸ ಸುಧಾರಿಸುತ್ತದೆ, ಒಂದರ ಲಾಭ ಇನ್ನೊಂದಕ್ಕೆ ಹರಿಯುವುದಿಲ್ಲ. ರಬ್ಬರ್ ಚೆಂಡು ಹಿಸುಕುತ್ತಾ ಕೂತರೆ ಅಂಗಿ ಹಾಕೋದು ತಾನಾಗಿ ಬಂದುಬಿಡುತ್ತದೆ ಅಂತ ನಾವು ಅಂದುಕೊಂಡಿದ್ದೆವಲ್ಲ, ಅದು ನಮ್ಮ ಭ್ರಮೆ.

ಅದೇ 2004ರಲ್ಲಿ ಪಿಪ್ ಲೋಗನ್ ಅನ್ನುವ ಇನ್ನೊಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ವಾಕರ್ ಮತ್ತಿತರರ ಜೊತೆ ಸೇರಿ, 168 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ವಿಷಯ: ಮನೆಯಿಂದ ಹೊರಗೆ ಹೋಗುವುದು! ಒಂದು ಗುಂಪಿಗೆ ಬರೀ ಮಾಹಿತಿ ಪತ್ರ ಕೊಟ್ಟು ಸಲಹೆ ಹೇಳಿದರು. ಇನ್ನೊಂದು ಗುಂಪಿನ ಜೊತೆ ಥೆರಪಿಸ್ಟ್ ತಾವೇ ಹೊರಗೆ ಹೋಗಿ ಅಭ್ಯಾಸ ಮಾಡಿಸಿದರು. ನಾಲ್ಕು ತಿಂಗಳಿಗೆ ವಿಚಾರಿಸಿದಾಗ, ಹಿಂದಿನ ಒಂದು ತಿಂಗಳಲ್ಲಿ ಹೊರಗೆ ಹೋಗಿಬಂದದ್ದು ಒಂದು ಗುಂಪಿನಲ್ಲಿ 14 ಸಲ, ಇನ್ನೊಂದರಲ್ಲಿ 37 ಸಲ (ಮಧ್ಯಾಂಕ).

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಯಶೋಗಾಥೆ. ಫಾರ್ವರ್ಡ್ ಮೇಲ್‌ಗಳಲ್ಲಿ ಬರುತ್ತವಲ್ಲ, ಆ ಥರ. ಆದರೆ ನಾನು ಈ ಬರಹ ಬರೆಯುತ್ತಿರುವುದು ಇಲ್ಲಿಂದ ಮುಂದಿನದಕ್ಕಾಗಿ.

ವಾಕರ್ ಆಮೇಲೆ ಸೋತರು. ಒಂದಲ್ಲ, ಮೂರು ಸಲ.

2012ರಲ್ಲಿ ಮತ್ತೆ ಅಂಗಿಗೇ ವಾಪಸ್ ಬಂದರು. ಒಬ್ಬೊಬ್ಬ ರೋಗಿಯ ಗ್ರಹಿಕೆಯ ತೊಂದರೆ ಏನು ಅಂತ ಮೊದಲು ಪತ್ತೆ ಮಾಡಿ, ಅದಕ್ಕೆ ತಕ್ಕ ಹಾಗೆ ಬಟ್ಟೆ ಹಾಕುವುದನ್ನು ಕಲಿಸಿದರೆ ಮಾಮೂಲಿ ವಿಧಾನಕ್ಕಿಂತ ಚೆನ್ನಾಗಿ ಆಗಬೇಕು ಅನ್ನೋದು ತರ್ಕ. ಎಷ್ಟು ಸರಿಯಾಗಿದೆ ಅಲ್ವಾ? 70 ಜನರ ಮೇಲೆ ನೋಡಿದರು. ಎರಡೂ ಗುಂಪು ಸುಧಾರಿಸಿತು, ಆದರೆ ಎರಡರ ಮಧ್ಯೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

2015ರಲ್ಲಿ ಕ್ಯಾಥರಿನ್ ಸ್ಯಾಕ್ಲಿ ಅವರ ಮುಂದಾಳತ್ವದಲ್ಲಿ ವಾಕರ್ ಕೂಡ ಸೇರಿ ಮಾಡಿದ ದೊಡ್ಡ ಪ್ರಯೋಗ ಬಿಎಂಜೆ ಪತ್ರಿಕೆಯಲ್ಲಿ ಬಂತು. ಬ್ರಿಟನ್ನಿನ 228 ಆರೈಕೆ ಮನೆಗಳಲ್ಲಿ ಇದ್ದ, ಹಿಂದೆ ಪಾರ್ಶ್ವವಾಯು ಆಗಿದ್ದ 1042 ವೃದ್ಧರು. ಮೂರು ತಿಂಗಳ ಆಕ್ಯುಪೇಷನಲ್ ಥೆರಪಿ. ಫಲಿತಾಂಶ: ಅಳೆಯಬಹುದಾದ ಲಾಭ ಇಲ್ಲ. ತನ್ನದೇ ವೃತ್ತಿ, ತಾನೇ ಜೀವನವಿಡೀ ಸಾರಿದ ಚಿಕಿತ್ಸೆ. ಈ ಜನರಿಗೆ, ಈ ರೀತಿ ಕೊಟ್ಟರೆ ಕೆಲಸ ಮಾಡುವುದಿಲ್ಲ ಅಂತ ತಾವೇ ಹೆಸರು ಹಾಕಿ ಪ್ರಕಟಿಸಿದರು.

ಮೂರನೆಯದು ನಮ್ಮ ದೇಶದ್ದು. ಅಟೆಂಡ್ ಅಂತ ಅದರ ಹೆಸರು. ಲೂಧಿಯಾನದ ನರರೋಗ ತಜ್ಞ ಜಯರಾಜ್ ಪಾಂಡಿಯನ್, ಆಸ್ಟ್ರೇಲಿಯಾದ ರಿಚರ್ಡ್ ಲಿಂಡ್ಲಿ ಮುಂತಾದವರ ಜೊತೆ ಮೇರಿಯನ್ ವಾಕರ್ ಕೂಡ ಆ ತಂಡದಲ್ಲಿದ್ದರು. ಭಾರತದಲ್ಲಿ ಥೆರಪಿಸ್ಟ್‌ಗಳು ಕಮ್ಮಿ, ಮನೆಯವರು ಹೆಚ್ಚು. ಹಾಗಿದ್ದರೆ ಮನೆಯವರಿಗೇ ತರಬೇತಿ ಕೊಟ್ಟುಬಿಟ್ಟರೆ? ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು 2014ರಿಂದ 2016ರವರೆಗೆ ಸೇರಿಸಿಕೊಂಡರು. ಅರ್ಧ ಜನರ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಶುರು ಮಾಡಿ, ಮನೆಗೆ ಹೋದ ಮೇಲೂ ಎರಡು ತಿಂಗಳವರೆಗೆ ಮುಂದುವರೆಸಿದರು. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು. ಆರು ತಿಂಗಳಿಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎಷ್ಟು? ತರಬೇತಿ ಕೊಟ್ಟ ಗುಂಪಿನಲ್ಲಿ ಶೇ. 47. ಕೊಡದ ಗುಂಪಿನಲ್ಲೂ ಶೇ. 47.

ನಾನು ಇದನ್ನು ಓದಿದ್ದು ರಾತ್ರಿ ಹನ್ನೊಂದು ಗಂಟೆಗೆ. ಸುಮ್ಮನೆ ಕೂತುಬಿಟ್ಟೆ. ಯಾಕೆಂದರೆ "ಮನೆಯವರಿಗೆ ಹೇಳಿಕೊಟ್ಟರೆ ಸಾಕು" ಅನ್ನೋದೇ ಅಷ್ಟರವರೆಗೆ ನಾನು ಮನಸ್ಸಿನಲ್ಲಿ ಬರೆದುಕೊಂಡಿದ್ದ ಬ್ಲಾಗಿನ ಕೊನೆಯ ಸಾಲಾಗಿತ್ತು! ಕುಟುಂಬ, ಪ್ರೀತಿ, ನಮ್ಮ ಸಂಸ್ಕೃತಿ ಅಂತ ಎರಡು ಪ್ಯಾರಾ ಹೊಡೆದು ಮುಗಿಸುವ ಯೋಜನೆ. ಅಷ್ಟು ಸುಲಭ ಅಲ್ಲ ಅಂತ 1250 ಮನೆಗಳು ಹೇಳುತ್ತಿದ್ದವು. ಆ ತಂಡದವರ ತೀರ್ಮಾನವೂ ನೇರವಾಗಿದೆ: ಹೊಸ ಪುರಾವೆ ಸಿಗುವವರೆಗೆ, ಥೆರಪಿಸ್ಟ್‌ನ ಕೆಲಸವನ್ನು ಮನೆಯವರ ತಲೆಗೆ ವರ್ಗಾಯಿಸುವ ಸೇವೆಗಳಿಗೆ ದುಡ್ಡು ಹಾಕುವುದನ್ನು ಈ ಫಲಿತಾಂಶ ಸಮರ್ಥಿಸುವುದಿಲ್ಲ.

ಈಗ ನನ್ನ ಅಭಿಪ್ರಾಯ. ನೀವು ಒಪ್ಪದೇ ಇರಬಹುದು, ಪರವಾಗಿಲ್ಲ.

ಒಂದು. ಈ ಮೂರು ಸೋಲುಗಳಿಂದಲೇ ನನಗೆ ಮೊದಲಿನ ಗೆಲುವುಗಳ ಮೇಲೆ ನಂಬಿಕೆ ಬಂತು. ತನ್ನ ಪ್ರಯೋಗ ಸೋಲಬಹುದು ಅನ್ನೋ ಹಾಗೆ ಕಟ್ಟಿದವರು ಗೆದ್ದಾಗ ಮಾತ್ರ ಆ ಗೆಲುವಿಗೆ ಬೆಲೆ. ನಮ್ಮಲ್ಲಿ ಪಾರ್ಶ್ವವಾಯುವಿಗೆ ಔಷಧಿ ಕೊಡುವ ಊರುಗಳ ಪಟ್ಟಿ ನಿಮಗೂ ಗೊತ್ತು. ಯಾರಿಗೆ ಲಕ್ವ ಆದರೂ ಮೊದಲು ಆ ಪಟ್ಟಿ ಬರುತ್ತದೆ, ನಮ್ಮ ಮನೆಗೂ ಬಂತು. ಅಲ್ಲಿ ಯಾರೂ ಇವತ್ತಿನವರೆಗೆ "ನಮ್ಮದು ಇಂಥವರಿಗೆ ಕೆಲಸ ಮಾಡಲಿಲ್ಲ" ಅಂದದ್ದು ನಾನು ಕೇಳಿಲ್ಲ. ಹಾಗೆ ಅನ್ನಲಾರದವರ ಯಾವ ಮಾತನ್ನು ನಂಬೋದು? ನಮ್ಮ ಸಾಫ್ಟ್‌ವೇರಿನವರೂ ಏನು ಕಮ್ಮಿ ಇಲ್ಲ. ಪಾಸಾಗುವಂಥ ಟೆಸ್ಟ್ ಕೇಸುಗಳನ್ನೇ ಬರೆದು "ಎಲ್ಲಾ ಪಾಸ್" ಅಂತ ರಿಪೋರ್ಟ್ ಕಳಿಸುವವರು ನಾವು.

ಎರಡು. ಅಟೆಂಡ್ ಫಲಿತಾಂಶವನ್ನು "ಪುನಶ್ಚೇತನ ದಂಡ, ಹಣೆಬರಹ" ಅಂತ ಓದುವವರಿದ್ದಾರೆ. ಅದು ತಪ್ಪು. ಅದರಲ್ಲಿ ಥೆರಪಿಸ್ಟ್‌ನ ಕೆಲಸವನ್ನು ಮನೆಯವರ ಕೈಗೆ ದಾಟಿಸಿ ನೋಡಿದರು. 1999ರ ಪ್ರಯೋಗದಲ್ಲಿ ತರಬೇತಾದ ಥೆರಪಿಸ್ಟ್ ತಾವೇ ಮನೆ ಬಾಗಿಲಿಗೆ ಹೋಗಿದ್ದರು. ರೋಗಿಗಳು ಬೇರೆ, ದೇಶ ಬೇರೆ, ಹೋಲಿಕೆ ನೇರ ಅಲ್ಲ ಅನ್ನೋದು ನನಗೂ ಗೊತ್ತು. ಆದರೂ ನನ್ನ ತಲೆಗೆ ಹೊಳೆಯುವುದು ಇಷ್ಟು: ಈ ಕೆಲಸ ಒಂದು ವಿದ್ಯೆ. ಪ್ರೀತಿ ಇದ್ದ ಮಾತ್ರಕ್ಕೆ ಬರುವುದಿಲ್ಲ. ನಮ್ಮಜ್ಜಿಗಿಂತ ಹೆಚ್ಚು ಪ್ರೀತಿ ಯಾರಿಗಿತ್ತು ಹೇಳಿ? "ಮನೆಯವರು ನೋಡ್ಕೋತಾರೆ ಬಿಡಿ" ಅಂತ ನಾವು ಹಗುರವಾಗಿ ಹೇಳುವ ಮಾತಿನಲ್ಲಿ 'ಮನೆಯವರು' ಅಂದರೆ ಸಾಮಾನ್ಯವಾಗಿ ಒಬ್ಬ ಹೆಂಡತಿ, ಒಬ್ಬ ಸೊಸೆ ಅಥವಾ ಒಬ್ಬ ಮಗಳು. ಅವರ ಹೆಗಲಿಗೆ ಇನ್ನೊಂದು ಕೆಲಸ ಏರಿಸಿ ಅದಕ್ಕೆ ಸಂಸ್ಕೃತಿ ಅಂತ ಹೆಸರಿಡುವುದು ಬೇಡ.

ಮೂರು. ಹಾಗಾಗಿ ಬೇಕಿರುವುದು ಜನ. ಕಲಿತ ಜನ, ಊರು ಊರಿಗೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ಕಾಯಿದೆಯೊಂದು ಆಕ್ಯುಪೇಷನಲ್ ಥೆರಪಿಯನ್ನೂ ಸೇರಿಸಿ ಇಂಥ ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ಮಾಡಿತು. ಒಳ್ಳೆಯದೇ. ಕಾಗದದ ಮೇಲಿನ ಆಯೋಗ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕುರ್ಚಿ ಆಗಬೇಕು. ಇಂಜಿನಿಯರಿಂಗ್ ಸೀಟು ಸಿಗಲಿಲ್ಲ ಅಂತ ಅಳುವ ತಮ್ಮ ತಂಗಿಯರಿಗೆ ಇಂಥದೊಂದು ಓದು ಇದೆ ಅಂತ ಹೇಳುವವರೂ ಬೇಕು. ನನಗೆ ಹದಿನೆಂಟರಲ್ಲಿ ಯಾರೂ ಹೇಳಲಿಲ್ಲ. ಹೇಳಿದ್ದರೆ ಹೋಗುತ್ತಿದ್ದೆನಾ? ಪ್ರಾಮಾಣಿಕವಾಗಿ, ಇಲ್ಲ. "ಅಂಗಿ ಹಾಕೋದಕ್ಕೂ ಡಿಗ್ರಿನಾ" ಅಂತ ನಗುತ್ತಿದ್ದೆ.

ಕೊನೆಗೆ ತಾತನ ವಿಷಯ. ಎರಡೂವರೆ ವರ್ಷ ತಡವಾಗಿ, ಬೆಂಗಳೂರಿಗೆ ಕರೆದುಕೊಂಡು ಬಂದು ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಹೋದೆವು. ನಮ್ಮ ವಯಸ್ಸಿನ ಹುಡುಗಿ. ರಿಪೋರ್ಟುಗಳ ಕವರ್ ಮುಂದಿಟ್ಟೆ. ಅದನ್ನು ಪಕ್ಕಕ್ಕಿಟ್ಟು, ತಾತನ ಎದುರು ಕುರ್ಚಿ ಎಳೆದುಕೊಂಡು ಕೂತು, "ತಾತ, ಮೊದಲೆಲ್ಲ ಬೆಳಿಗ್ಗೆ ಎದ್ದು ಏನೇನು ಮಾಡ್ತಿದ್ರಿ?" ಅಂತ ಕೇಳಿದರು. ಎರಡೂವರೆ ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ತಾತ ಬಹಳ ಹೊತ್ತು ಸುಮ್ಮನಿದ್ದು, "ಪೇಪರ್ ಓದ್ತಿದ್ದೆ ಕಣಮ್ಮ, ಹೋಟ್ಲಲ್ಲಿ" ಅಂದರು. ಕಣ್ಣಲ್ಲಿ ನೀರಿತ್ತು.

ಎರಡು ತಿಂಗಳು ನಮ್ಮ ಮನೆಯಲ್ಲೇ ಇದ್ದರು. ಈಗ ತಾತ ಅಂಗಿ ತಾವೇ ಹಾಕಿಕೊಳ್ಳುತ್ತಾರೆ. ಎಡತೋಳಿನ ಅಂಚಿಗೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿದೆ, ಅದನ್ನು ಹುಡುಕಿ ಅಲ್ಲಿಂದ ಶುರು ಮಾಡುತ್ತಾರೆ. ಹದಿನೈದು ನಿಮಿಷ ಬೇಕು. ಅಜ್ಜಿಗೆ ಕೈ ತುರಿಸುತ್ತದೆ, ಆದರೂ ಬಾಗಿಲ ಹತ್ತಿರ ನಿಂತು ಸೆರಗು ಹಿಡಿದುಕೊಂಡು ಸುಮ್ಮನಿರುತ್ತಾರೆ. ಪಂಚೆ ಇನ್ನೂ ಬಂದಿಲ್ಲ, ಬರುವುದೂ ಅನುಮಾನ. ಎಲಾಸ್ಟಿಕ್ ಹಾಕಿದ ಪೈಜಾಮಕ್ಕೆ ಗೊಣಗುತ್ತಲೇ ಒಪ್ಪಿದ್ದಾರೆ. ಇದನ್ನು ಪುರಾವೆ ಅಂತ ತೆಗೆದುಕೊಳ್ಳಬೇಡಿ. ಇದು ಒಂದೇ ಸ್ಯಾಂಪಲ್, ಹೋಲಿಸಲು ಇನ್ನೊಬ್ಬ ತಾತ ಇಲ್ಲ. ಪುರಾವೆ ಬೇಕಾದರೆ ಮೇಲಿನ ಅಂಕಿಗಳನ್ನೇ ಇನ್ನೊಮ್ಮೆ ಓದಿ, ಗೆದ್ದವೂ ಸೋತವೂ ಎರಡನ್ನೂ.

ಬಸ್ ಸ್ಟ್ಯಾಂಡಿನ ಹೋಟೆಲಿಗೆ ಮಾತ್ರ ಇನ್ನೂ ಹೋಗಿಲ್ಲ. ನಮ್ಮ ಜಗಲಿಯ ಮೂರು ಮೆಟ್ಟಿಲು, ಅದರಾಚೆ ರಸ್ತೆ, ಎಡಗಡೆಯಿಂದ ಬರುವ ಬೈಕುಗಳು. "ಹೋಗ್ರಿ, ಹೋಗಬಹುದು" ಅಂತ ನಾವೆಲ್ಲ ಬಾಯಲ್ಲಿ ಹೇಳುತ್ತಲೇ ಇದ್ದೇವೆ. ಬರೀ ಹೇಳಿದರೆ 14, ಜೊತೆಗೆ ಹೋದರೆ 37. ಹೋಗುವುದು ಹೇಗೆ ಅಂತ ಥೆರಪಿಸ್ಟ್ ಬರೆದುಕೊಟ್ಟಿದ್ದಾರೆ: ಮೊದಲ ದಿನ ಮೆಟ್ಟಿಲಿನವರೆಗೆ, ಆಮೇಲೆ ಗೇಟಿನವರೆಗೆ, ನಾನು ಅವರ ಎಡಗಡೆ ನಡೆಯಬೇಕು. ಮುಂದಿನ ವಾರ ರಜ ಹಾಕಿದ್ದೇನೆ. ಮ್ಯಾನೇಜರ್ ಕಾರಣ ಕೇಳಿದರು, "ತಾತನ ಜೊತೆ ಟೀ ಕುಡಿಯೋಕೆ" ಅಂದೆ. ನಕ್ಕರು, ರಜ ಕೊಟ್ಟರು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಪಾರ್ಶ್ವವಾಯು ಆದವರಿದ್ದರೆ, ಡಿಸ್ಚಾರ್ಜ್ ದಿನ ಡಾಕ್ಟರ ಹತ್ತಿರ "ಆಕ್ಯುಪೇಷನಲ್ ಥೆರಪಿ ಎಲ್ಲಿ ಸಿಗುತ್ತೆ?" ಅಂತ ಒಂದು ಪ್ರಶ್ನೆ ಕೇಳಿ. ನಾವು ಕೇಳಲಿಲ್ಲ, ಎರಡೂವರೆ ವರ್ಷ ಕಳೆದುಕೊಂಡೆವು. ಹಾಗೇ ತುಮಕೂರು, ಹಾಸನ, ತಿಪಟೂರು ಕಡೆ ಮನೆಗೆ ಬರುವ ಥೆರಪಿಸ್ಟ್ ಯಾರಾದರೂ ಗೊತ್ತಿದ್ದರೆ ದಯವಿಟ್ಟು ಇಲ್ಲೇ ಕೆಳಗೆ ತಿಳಿಸಿ. ಪ್ರತಿ ಸಲ ತಾತನನ್ನು ಬೆಂಗಳೂರಿಗೆ ಹೊತ್ತು ತರುವುದು ಕಷ್ಟ, ಮತ್ತು ನಮ್ಮೂರಿನ ಹೋಟೆಲ್ ಇಲ್ಲಿಗೆ ಬರುವುದಿಲ್ಲ :-)